ಓದುಗರ ಪ್ರಶ್ನೆ, ನಮ್ಮ ಉತ್ತರ: ಮೇಣದ ಸಿಲಿಂಡರ್ ಹಾಡಿಸುವ ಪೆಟ್ಟಿಗೆ

ಪ್ರಶ್ನೆ: ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಈಗ ನಿವೃತ್ತ. ಚಿತ್ರದುರ್ಗದ ಹಳೆಯ ಮನೆಯೊಂದರಲ್ಲಿ ಎಡಿಸನ್ ಕಂಪನಿಯ ಮೂರು ಸಿಲಿಂಡರ್ ಫೋನೋಗ್ರಾಫ್‌ಗಳು ಮಾರಾಟಕ್ಕಿವೆ. ಒಂದು ಜೆಮ್, ಒಂದು ಸ್ಟ್ಯಾಂಡರ್ಡ್, ಇನ್ನೊಂದು ಆಂಬರೋಲಾ 30. ಯಾವುದನ್ನು ಕೊಂಡರೂ ಆರು ಕಪ್ಪು, ಮೂರು ನೀಲಿ ಸಿಲಿಂಡರ್‌ಗಳನ್ನು ಜೊತೆಗೆ ಕೊಡುತ್ತಾರಂತೆ. ಒಂದನ್ನಷ್ಟೇ ಕೊಳ್ಳುವ ಶಕ್ತಿ ನನಗಿದೆ. ನಿಮ್ಮ ಮೆಚ್ಚಿನದು ಯಾವುದು?

ಉತ್ತರ: ಸ್ಟ್ಯಾಂಡರ್ಡ್. ಆದರೆ ಹಣ ಕೊಡುವ ಮೊದಲು ಯಂತ್ರಗಳನ್ನು ಪಕ್ಕಕ್ಕಿಟ್ಟು, ಆ ಒಂಬತ್ತು ಸಿಲಿಂಡರ್‌ಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿರಿ. ಎರಡು ನಿಮಿಷ ಹಾಡುವ ಸಿಲಿಂಡರಿನಲ್ಲಿ ಅಂಗುಲಕ್ಕೆ 100 ಗೆರೆಗಳಿರುತ್ತವೆ. 1908ರಲ್ಲಿ ಬಂದ ನಾಲ್ಕು ನಿಮಿಷದ ಆಂಬರಾಲ್ ಸಿಲಿಂಡರಿನಲ್ಲಿ 200. ನೀಲಿ ಬಣ್ಣದವು 1912ರಿಂದ ಬಂದ ಬ್ಲೂ ಆಂಬರಾಲ್‌ಗಳು; ಅವುಗಳ ಮೈ ಸೆಲ್ಯುಲಾಯ್ಡಿನದು, ಒಳಗಿನ ತಿರುಳು ಪ್ಲಾಸ್ಟರ್ ಆಫ್ ಪ್ಯಾರಿಸ್, ಎಲ್ಲವೂ ನಾಲ್ಕು ನಿಮಿಷದವೇ. ಗೊಂದಲವಿರುವುದು ಕಪ್ಪಿನಲ್ಲಿ. ಎರಡು ನಿಮಿಷದ ಮೇಣವೂ ಕಪ್ಪು, ನಾಲ್ಕು ನಿಮಿಷದ ಮೇಣವೂ ಕಪ್ಪು.

ಈ ಲೆಕ್ಕ ಸಿಕ್ಕ ಮೇಲೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ. ಆಂಬರೋಲಾ 30 ಮಾದರಿಯು 1915ರಲ್ಲಿ 30 ಡಾಲರ್ ಬೆಲೆಗೆ ಬಂದದ್ದು. ಕಹಳೆ ಪೆಟ್ಟಿಗೆಯೊಳಗೇ ಅಡಗಿರುವುದರಿಂದ ನಡುಮನೆಯಲ್ಲಿಡಲು ಅಂದವಾಗಿರುತ್ತದೆ, ನೀಲಿ ಸಿಲಿಂಡರಿಗೆ ಅದರಷ್ಟು ಒಪ್ಪುವ ಯಂತ್ರ ಇನ್ನೊಂದಿಲ್ಲ. ಆದರೆ ಅದು ನಾಲ್ಕು ನಿಮಿಷದವನ್ನು ಮಾತ್ರ ಹಾಡಿಸುತ್ತದೆ, ಮತ್ತು ಅದರ ಮುಳ್ಳು ವಜ್ರದ್ದು. ಆ ಮುಳ್ಳನ್ನು ಮೇಣದ ಮೇಲಿಟ್ಟರೆ ನೇಗಿಲು ಹೂಡಿದಂತೆ ಗೆರೆಗಳನ್ನು ಕಿತ್ತುಹಾಕುತ್ತದೆ. ಅಂದರೆ ನಿಮ್ಮ ಆರು ಕಪ್ಪು ಸಿಲಿಂಡರ್‌ಗಳು ಕಪಾಟಿನ ಅಲಂಕಾರವಾಗಿಯೇ ಉಳಿಯುತ್ತವೆ. ಜೆಮ್ 1899ರಲ್ಲಿ ಏಳೂವರೆ ಡಾಲರಿಗೆ ಮಾರಾಟಕ್ಕೆ ಬಂದ ಪುಟಾಣಿ. ನೋಡಲು ಮುದ್ದು, ಎತ್ತಲು ಹಗುರ. ಅದರ ಸಣ್ಣ ಸ್ಪ್ರಿಂಗಿಗೆ ಪದೇ ಪದೇ ಕೀಲಿ ಕೊಡುವ ತಾಳ್ಮೆ ನನಗಂತೂ ಇಲ್ಲ.

ಸ್ಟ್ಯಾಂಡರ್ಡ್ ಬಂದದ್ದು 1898ರಲ್ಲಿ, 20 ಡಾಲರಿಗೆ. ಅದಕ್ಕಿಂತ ದೊಡ್ಡ ಹೋಮ್, ಮೂರು ಸ್ಪ್ರಿಂಗುಗಳ ಟ್ರಯಂಫ್, ಸಿಲಿಂಡರೇ ಸರಿಯುತ್ತ ಸಾಗುವ ಒಪೇರಾ ಮಾದರಿಗಳು ಸಂಗ್ರಾಹಕರ ಕಣ್ಣಿಗೆ ಹೆಚ್ಚು ಬೀಳುತ್ತವೆ. ಒಪೇರಾದ ಧ್ವನಿಯನ್ನು ಹಳಿಯುವವರು ಯಾರೂ ಇಲ್ಲ. ಆದರೂ ಸ್ಟ್ಯಾಂಡರ್ಡ್‌ನ ಓಕ್ ಮರದ ಸರಳ ಪೆಟ್ಟಿಗೆಯ ಮೇಲಿನ ಮುಚ್ಚಳ ತೆಗೆದೊಡನೆ ಬೆಲ್ಟು, ತಿರುಪು ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುವ ಸುಖವನ್ನು ನಾನು ಬೇರೆ ಯಾವುದಕ್ಕೂ ಬಿಟ್ಟುಕೊಡಲಾರೆ. 1908ರ ನಂತರದ ಬಹುಪಾಲು ಸ್ಟ್ಯಾಂಡರ್ಡ್‌ಗಳಲ್ಲಿ ಎರಡು ಮತ್ತು ನಾಲ್ಕು ನಿಮಿಷಗಳೆರಡಕ್ಕೂ ಗೇರು ಇರುತ್ತದೆ. ಹಿಂದಿನವುಗಳಿಗೂ ಆ ಗೇರನ್ನು ಜೋಡಿಸಿಕೊಳ್ಳುವ ಸಾಮಗ್ರಿಯನ್ನು ಕಂಪನಿಯೇ ಮಾರುತ್ತಿತ್ತು. ಗೇರು ಬದಲಿಸಿದಾಗ ಸಿಲಿಂಡರ್ ಮೊದಲಿನ ವೇಗದಲ್ಲೇ ಸುತ್ತುತ್ತದೆ, ಮುಳ್ಳನ್ನು ಮುಂದಕ್ಕೆ ಒಯ್ಯುವ ತಿರುಪು ಮಾತ್ರ ಅರ್ಧ ವೇಗಕ್ಕಿಳಿಯುತ್ತದೆ. ಇದರೊಂದಿಗೆ 'ಕೆ' ಮಾದರಿಯ ರಿಪ್ರೊಡ್ಯೂಸರ್ (ಮುಳ್ಳು ಕೂರುವ, ಗೆರೆಯನ್ನು ದನಿಯಾಗಿಸುವ ಭಾಗ) ಇದ್ದರೆ, ಅದರಲ್ಲಿ ಎರಡು ನೀಲಮಣಿಯ ಮುಳ್ಳುಗಳಿದ್ದು ಬೇಕಾದದ್ದನ್ನು ತಿರುಗಿಸಿಕೊಳ್ಳಬಹುದಾದ್ದರಿಂದ, ನಿಮ್ಮ ಒಂಬತ್ತೂ ಸಿಲಿಂಡರ್‌ಗಳು ಒಂದೇ ಯಂತ್ರದಲ್ಲಿ ಹಾಡುತ್ತವೆ.

ಇನ್ನೊಂದು ಕಾರಣವೂ ಉಂಟು. ಗ್ರಾಮಫೋನ್ ಪ್ಲೇಟು ಮನೆಯವರಿಗೆ ಕೇಳಿಸಿತೇ ಹೊರತು ಮನೆಯವರ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ ರಿಪ್ರೊಡ್ಯೂಸರ್ ತೆಗೆದು ರೆಕಾರ್ಡರ್ ಸಿಕ್ಕಿಸಿ, ಖಾಲಿ ಮೇಣದ ಸಿಲಿಂಡರ್ ಏರಿಸಿ, ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಮಾತನಾಡಿದರೆ ಆ ದನಿ ಅಲ್ಲೇ ಅಚ್ಚಾಗುತ್ತದೆ. ಖಾಲಿ ಸಿಲಿಂಡರ್‌ಗಳನ್ನು ಇಂದಿಗೂ ಅಮೆರಿಕ ಮತ್ತು ಬ್ರಿಟನ್ನಿನ ಕೆಲವು ಕುಶಲಕರ್ಮಿಗಳು ತಯಾರಿಸುತ್ತಾರೆ. ಮೊಮ್ಮಗಳ ಪದ್ಯವೊಂದನ್ನು ಹೀಗೆ ಹಿಡಿದಿಟ್ಟು ಮರುಗಳಿಗೆಯಲ್ಲೇ ಅವಳಿಗೆ ಕೇಳಿಸಿದರೆ, ಮೊಬೈಲಿನಲ್ಲಿ ಸಾವಿರ ಸಲ ತನ್ನ ದನಿ ಕೇಳಿರುವ ಹುಡುಗಿಯೂ ಕಹಳೆಯೊಳಗೆ ಇಣುಕಿ ನೋಡುತ್ತಾಳೆ.

ಕೊಳ್ಳುವಾಗ ಮೂರು ಪರೀಕ್ಷೆ ಮಾಡಿರಿ. ಸಿಲಿಂಡರ್ ಕೂರುವ ಕದಿರಿಗೆ ಸಣ್ಣ ಕಾಗದದ ಚೂರನ್ನು ಅಂಟಿಸಿ ಯಂತ್ರವನ್ನು ಓಡಿಸಿ, ಅರ್ಧ ನಿಮಿಷದಲ್ಲಿ 80 ಸುತ್ತು ಬಂದರೆ ವೇಗ ಸರಿಯಿದೆ; ನಿಮಿಷಕ್ಕೆ 160 ಸುತ್ತು ಅದರ ಕ್ರಮ. ದನಿ ಜೋಲಿ ಹೊಡೆದರೆ ಬಹುಪಾಲು ತಪ್ಪು ಒಣಗಿದ ತೊಗಲಿನ ಬೆಲ್ಟಿನದು, ಅದನ್ನು ದಾವಣಗೆರೆಯಲ್ಲಿ ಚಪ್ಪಲಿ ಹೊಲಿಯುವ ಯಾವ ನುರಿತ ಕೈಯಾದರೂ ತೆಳ್ಳಗೆ ಹೆರೆದು ಜೋಡಿಸಿಕೊಡುತ್ತದೆ. ಮುಳ್ಳು ಹೇಳಿದ್ದನ್ನೇ ಹೇಳುತ್ತಿದ್ದರೆ ಮಾತ್ರ ಎಚ್ಚರ, ತಿರುಪಿನ ಮೇಲೆ ಕೂರುವ ಅರೆನಟ್ಟಿನ ಹಲ್ಲು ಸವೆದಿರಬಹುದು, ಅದರ ಬದಲಿ ಅಗ್ಗವಲ್ಲ. ಸ್ಪ್ರಿಂಗಿನ ಡಬ್ಬಿಯನ್ನು ನೀವಾಗಿಯೇ ಬಿಚ್ಚಲು ಹೋಗಬೇಡಿ. ಸುತ್ತಿಕೊಂಡಿರುವ ಉಕ್ಕಿನ ಪಟ್ಟಿ ಚಿಮ್ಮಿದರೆ ಬೆರಳು ಉಳಿಯುವುದಿಲ್ಲ.

ನೀಲಿ ಸಿಲಿಂಡರ್‌ಗಳ ಬಗ್ಗೆ ಒಂದು ಮಾತು. 1915ರಿಂದಾಚೆಗೆ ಹೆಚ್ಚಿನವನ್ನು ಎಡಿಸನ್ನನ ಡಿಸ್ಕುಗಳನ್ನು ಕಹಳೆಯ ಮೂಲಕ ನುಡಿಸಿ ಮರುಮುದ್ರಿಸಲಾಯಿತು, ಹಾಗಾಗಿ ಅವುಗಳ ದನಿ ಕಂಬಳಿ ಹೊದ್ದಂತೆ ಕೇಳಿಸುತ್ತದೆ. 1912ರಿಂದ 1914ರ ನಡುವಿನದು ನಿಮಗೆ ಸಿಕ್ಕಿದ್ದರೆ ವ್ಯತ್ಯಾಸವನ್ನು ಕಿವಿಯೇ ಹೇಳುತ್ತದೆ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಮನೆಯಲ್ಲಿರುವ ಮೇಣದ ಸಿಲಿಂಡರ್‌ಗಳ ಮೇಲೆ ಬಿಳಿಯ ಚುಕ್ಕೆಗಳಿವೆ. ನೀರಿನಲ್ಲಿ ತೊಳೆಯಬಹುದೇ?

ಉತ್ತರ: ಅದು ಬೂಷ್ಟು. ಮೇಣವನ್ನೇ ತಿಂದು ಬೆಳೆಯುವುದರಿಂದ, ಚುಕ್ಕೆ ಇರುವಲ್ಲಿ ಗೆರೆ ಈಗಾಗಲೇ ಹೋಗಿದೆ. ತೊಳೆದರೆ ಚುಕ್ಕೆ ಹೋಗಬಹುದು, ಹಾಡು ಮರಳುವುದಿಲ್ಲ. ಒಣಗಿದ ಮೃದುವಾದ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಹಗುರವಾಗಿ ಒರೆಸಿ, ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರೆಯಿಡಿ. ನೀಲಿ ಸಿಲಿಂಡರಿಗಂತೂ ನೀರು ಸೋಕಿಸಲೇಬೇಡಿ, ಒಳಗಿನ ಪ್ಲಾಸ್ಟರ್ ಉಬ್ಬಿ ಕದಿರಿನ ಮೇಲೆ ಇಳಿಯದಂತಾಗುತ್ತದೆ. ನಿಮ್ಮೂರಿನ ಒಣಹವೆ ಬೂಷ್ಟಿನ ಮಟ್ಟಿಗೆ ಕರಾವಳಿಗಿಂತ ಎಷ್ಟೋ ಮೇಲು. ನಿಮಗೆ ಶತ್ರು ಏಪ್ರಿಲ್ ತಿಂಗಳ ಬಿಸಿಲು. ಹಳೆಯ ಮನೆಗಳ ಕಲ್ಲುಗೋಡೆಯ ಒಳಕೋಣೆಯೇ ಅತ್ಯುತ್ತಮ ಜಾಗ. ಮೇಲ್ಮೈಯನ್ನು ಮುಟ್ಟದೆ ಎರಡು ಬೆರಳನ್ನು ಸಿಲಿಂಡರಿನ ಒಳಕ್ಕೆ ತೂರಿಸಿ ಅಗಲಿಸಿ ಎತ್ತಬೇಕು, ಅದೂ ಬೇಗ. ತಣ್ಣಗಿರುವ ಮೇಣ ಅಂಗೈಯ ಶಾಖಕ್ಕೇ ಚಟ್ಟನೆ ಸೀಳಿದ್ದುಂಟು.

ಪ್ರಶ್ನೆ: ಸಿಲಿಂಡರಿನಲ್ಲಿ ಕನ್ನಡದ ಹಾಡು ಇದೆ ಎಂದು ಒಬ್ಬರು ಹೆಚ್ಚಿನ ಬೆಲೆ ಕೇಳುತ್ತಿದ್ದಾರೆ. ನಂಬಬಹುದೇ? (ಹರಿಹರ)

ಉತ್ತರ: ಕೇಳದೆ ಕೊಳ್ಳಬೇಡಿ. ನಮ್ಮ ದೇಶದ ಆರಂಭದ ವಾಣಿಜ್ಯ ಧ್ವನಿಮುದ್ರಣದ ಬಹುಪಾಲು ಪ್ಲೇಟುಗಳಲ್ಲಿ ನಡೆದದ್ದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದೂ ಪ್ಲೇಟಿಗೇ. ಮೈಸೂರಿನ ಆಸ್ಥಾನ ಸೇರಿ 1930ರಲ್ಲಿ ಅಲ್ಲೇ ತೀರಿಕೊಂಡ ಆಕೆಯನ್ನು ನಮ್ಮವರು ಇನ್ನೂ ನೆನೆಯುತ್ತಾರೆ. ಸಿಲಿಂಡರಿನಲ್ಲಿ ಭಾರತೀಯ ಹಾಡುಗಳನ್ನು ಮುದ್ರಿಸಿ ಮಾರಿದವರಲ್ಲಿ ಹೆಸರಾದವರು ಕಲ್ಕತ್ತೆಯ ಹೇಮೇಂದ್ರ ಮೋಹನ್ ಬೋಸ್. ರವೀಂದ್ರನಾಥ ಠಾಕೂರರ ದನಿಯೂ ಅವರ ಸಿಲಿಂಡರಿನಲ್ಲಿ ಸೇರಿತ್ತು. ಮಾರುವವರು ನಿಮ್ಮೆದುರಿಗೆ ನೀಲಮಣಿಯ ಮುಳ್ಳಿಟ್ಟು ಒಮ್ಮೆ ಹಾಡಿಸಲಿ, ಆಮೇಲೆ ಬೆಲೆಯ ಮಾತು.

ಪ್ರಶ್ನೆ: ಹೊಳೆಯುವ ಹಿತ್ತಾಳೆ ಕಹಳೆಯ 'ಪುರಾತನ' ಯಂತ್ರ ಅಗ್ಗಕ್ಕೆ ಸಿಗುತ್ತಿದೆ, ಅದನ್ನೇ ಕೊಳ್ಳಲೇ? (ಹೊಳಲ್ಕೆರೆ)

ಉತ್ತರ: ಅದು ಸಿಲಿಂಡರಿನದಲ್ಲ, ಪ್ಲೇಟಿನದು, ಅದೂ ಹಳೆಯ ಬಿಡಿಭಾಗಗಳಿಗೆ ಹೊಸ ಪೆಟ್ಟಿಗೆ, ಹೊಸ ಕಹಳೆ ಸೇರಿಸಿ ಈಚೆಗೆ ಕಟ್ಟಿದ್ದಾಗಿರುವ ಸಾಧ್ಯತೆಯೇ ಹೆಚ್ಚು. ಕಹಳೆಯನ್ನು ಬಿಟ್ಟು ಪೆಟ್ಟಿಗೆಯ ತಳವನ್ನು ನೋಡಿ. ನೂರು ವರ್ಷದ ಮರಕ್ಕೆ ಹೊಸ ಪಾಲಿಶಿನ ವಾಸನೆ ಬರುವುದಿಲ್ಲ.