"ಮಗಳ ಥರ ನೋಡ್ಕಂಡೆ ಮೇಡಂ"

(ಬಂದವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ನನ್ನ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಐವತ್ತರ ಹತ್ತಿರದ ವಯಸ್ಸು, ಮಂಡ್ಯ ಕಡೆಯ ಹಳ್ಳಿಯವರು, ಮೈಸೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಮ್ಯಾನೇಜರ್. ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿ ಮೇಲೆ ಬಂದವರು. ಹದಿನೈದು ನಿಮಿಷ ಬಿಪಿ, ಗ್ಯಾಸ್ಟ್ರಿಕ್ ಎಂದೆಲ್ಲ ಸುತ್ತಿ ಕೊನೆಗೆ ವಿಷಯಕ್ಕೆ ಬಂದರು. ಅವರ ಹನ್ನೊಂದು ಇಂಜಿನಿಯರುಗಳ ಪೈಕಿ ಇದ್ದ ಒಬ್ಬಳೇ ಹೆಣ್ಣುಮಗಳು ಬೇರೆ ವಿಭಾಗಕ್ಕೆ ವರ್ಗ ಕೇಳಿದ್ದಳು. ಕಾರಣದ ಜಾಗದಲ್ಲಿ ಒಂದೇ ಸಾಲು: 'ಇಲ್ಲಿ ನನಗೆ ಕಲಿಯುವಂಥ ಕೆಲಸ ಸಿಗುತ್ತಿಲ್ಲ.'

"ನನ್ ಮಗಳ ಥರ ನೋಡ್ಕಂಡೆ ಮೇಡಂ. ಒಂದ್ ದಿನ ನೈಟ್ ಶಿಫ್ಟ್ ಹಾಕ್ಲಿಲ್ಲ, ಗ್ರೀಸ್ ಮುಟ್ಟುಸ್ಲಿಲ್ಲ. ಎಸಿ ರೂಮಲ್ಲಿ ರಿಪೋರ್ಟ್ ನೋಡ್ಕಂಡಿರವ್ವ ಅಂದೆ. ಆದ್ರೂ ಹಿಂಗ್ ಮಾಡ್ಬುಟ್ಲು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಈಚಿನ ವರ್ಷಗಳಲ್ಲಿ ಯಾರ್‍ಯಾರಿಗೆ ಬಡ್ತಿ ಕೊಡಿಸಿದಿರಿ, ಯಾವ ಕೆಲಸ ನೋಡಿ, ಎಂದು ಕೇಳಿದೆ. ಬೆರಳು ಮಡಿಸುತ್ತಾ ಹೋದರು. ಕೆಟ್ಟು ನಿಂತ ಪ್ರೆಸ್ಸನ್ನು ರಾತ್ರೋರಾತ್ರಿ ಓಡಿಸಿದವನು. ದುರಸ್ತಿಗೆಂದು ಯಂತ್ರಗಳನ್ನೆಲ್ಲ ನಿಲ್ಲಿಸುವ ಶಟ್‌ಡೌನಿನಲ್ಲಿ ಮನೆಗೇ ಹೋಗದೆ ನಿಂತವನು. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ಸುಮ್ಮನಾದರು. ರಿಪೋರ್ಟ್ ಚೆನ್ನಾಗಿ ಬರೆದು ಮೇಲೆ ಹೋದವರು ಆ ವಿಭಾಗದಲ್ಲಿ ಒಬ್ಬರೂ ಇರಲಿಲ್ಲ.

ಹೆಣ್ಣನ್ನು ಕೀಳಾಗಿ ಕಾಣುವುದರಲ್ಲಿ ಹಗೆಯದೊಂದು ಮುಖವಿದ್ದರೆ ಕಕ್ಕುಲಾತಿಯದೂ ಒಂದಿದೆ ಎಂದು ಮನಶ್ಶಾಸ್ತ್ರಜ್ಞರಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ ಬರೆದರು. ಎರಡನೆಯದನ್ನು ಹಿಡಿಯುವುದು ಕಷ್ಟ; ಮಾಡುವವರಿಗೆ ಅದು ಒಳ್ಳೆಯತನವಾಗಿಯೇ ಕಾಣುತ್ತದೆ. ಇದನ್ನು ಅವರಿಗೆ ಅಂದು ಹೇಳಲಿಲ್ಲ. ಮೊದಲ ಭೇಟಿಯಲ್ಲಿ ಪಾಠ ಶುರುಮಾಡಿದರೆ ಎರಡನೆಯ ಭೇಟಿ ಇರುವುದಿಲ್ಲ.

ಎರಡನೆಯ ಸಲ ಬಂದಾಗ "ಕಾನೂನೇ ಬಿಡಲ್ಲ ಮೇಡಂ" ಎಂದರು. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಹೆಂಗಸರ ರಾತ್ರಿ ಪಾಳಿಗೆ ತಡೆ ಹಾಕಿತ್ತು, ನಿಜ. ಆದರೆ 2019ರಲ್ಲೇ ನಮ್ಮ ರಾಜ್ಯ ಷರತ್ತುಗಳ ಮೇಲೆ ಅದಕ್ಕೆ ಅವಕಾಶ ಕೊಟ್ಟಿದೆ: ಆಕೆಯ ಲಿಖಿತ ಒಪ್ಪಿಗೆ ಬೇಕು, ಮನೆಯಿಂದ ಕರೆತಂದು ಬಿಡುವ ವಾಹನ ಬೇಕು, ಕೆಲಸದ ಜಾಗದಲ್ಲಿ ರಕ್ಷಣೆ ಬೇಕು. ಒಪ್ಪಿಗೆ ಇದೆಯೋ ಇಲ್ಲವೋ ಎಂದು ಕೇಳಿದ್ದಿರಾ? ಕೇಳಿರಲಿಲ್ಲ.

ಆಮೇಲೆ ಅವರೇ ಒಂದು ಹಳೆಯ ಮಾತು ತೆಗೆದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿದೇಶದ ಗಿರಾಕಿಗಳು ಬಂದಾಗಲೆಲ್ಲ ಮೇಲಧಿಕಾರಿ ಇವರನ್ನು ಸ್ಟೋರಿಗೆ ಕಳಿಸುತ್ತಿದ್ದರಂತೆ. 'ಇಂಗ್ಲಿಷು ನಿಂಗೆ ಕಷ್ಟ ಆಗ್ತದೆ, ಯಾಕೆ ಸುಮ್ನೆ?' ಇವರೇ ಬಿಚ್ಚಿ ಜೋಡಿಸಿದ ಯಂತ್ರದ ವಿವರವನ್ನು ಇನ್ನೊಬ್ಬ ಹೇಳಿ ಭೇಷ್ ಅನ್ನಿಸಿಕೊಂಡನಂತೆ. "ಅವ್ರೂ ಒಳ್ಳೆ ಮನ್ಷನೇ" ಎಂದವರು ತುಂಬ ಹೊತ್ತು ಫ್ಯಾನ್ ನೋಡುತ್ತಾ ಕೂತರು. ನಾನು ನೀರಿನ ಲೋಟ ಅತ್ತ ಸರಿಸಿದ್ದು ಬಿಟ್ಟರೆ ಏನೂ ಮಾಡಲಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಆಕೆಯ ವರ್ಗದ ಅರ್ಜಿಯನ್ನು ತಡೆಯಬೇಡಿ. ತಡೆದು ಆಮೇಲೆ ಕೆಲಸ ಕೊಟ್ಟರೆ ಅದು ಲಂಚದಂತಾಗುತ್ತದೆ. ಬ್ರೇಕ್‌ಡೌನ್ ಕೆಲಸದ ಪಾಳಿಪಟ್ಟಿಯನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಬೋರ್ಡಿನ ಮೇಲೆ ಬರೆಯಿರಿ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ: ಯಾವ ಕೆಲಸ ಬೇಕು, ಯಾವ ಹೊತ್ತು ಆಗುವುದಿಲ್ಲ? ಆಕೆಯನ್ನು ಮಾತ್ರ ಕರೆದು ಕೇಳಿದರೆ ಅದು ಮತ್ತೆ ಅದೇ ಕಕ್ಕುಲಾತಿ. ಗೇಟಿನಾಚೆಯ ಟೀ ಅಂಗಡಿಯಲ್ಲಿ ಹಂಚಿಕೆಯಾಗುವ ಕೆಲಸವನ್ನು ಬೆಳಗಿನ ಮೀಟಿಂಗಿಗೆ ತನ್ನಿ. ಇನ್ನೊಂದು: ಅವಳ ಅಳತೆಯ ಸೇಫ್ಟಿ ಶೂ ಸ್ಟೋರಿನಲ್ಲಿದೆಯಾ, ಷಾಪ್ ಫ್ಲೋರಿನಿಂದ ಹೆಂಗಸರ ಶೌಚಾಲಯಕ್ಕೆ ಎಷ್ಟು ದೂರ, ಒಮ್ಮೆ ನಡೆದು ನೋಡಿ.

ನಡೆದು ನೋಡಿದರಂತೆ. ಆಡಳಿತ ಕಟ್ಟಡದವರೆಗೆ ಏಳು ನಿಮಿಷ. ಶೂ ಇರಲಿಲ್ಲ, ಎರಡು ವರ್ಷದಿಂದ ಆಕೆ ಸ್ವಂತ ದುಡ್ಡಿನದು ಹಾಕುತ್ತಿದ್ದಳು.

ಆರು ವಾರದ ಮೇಲೆ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಆಕೆ ಅರ್ಜಿ ವಾಪಸ್ ಪಡೆದಿರಲಿಲ್ಲ; ಮುಂದಿನ ಶಟ್‌ಡೌನಿಗೆ ಹೆಸರು ಕೊಟ್ಟಿದ್ದಳು, ಅದು ಮುಗಿಯಲಿ ನೋಡೋಣ ಎಂದಿದ್ದಳು. ಆದರೆ ಇವರಿಗೆ ಈಗ ಬೇರೆ ತಲೆಬಿಸಿ.

"ಒಬ್ಬ ಹುಡ್ಗ ಬಂದು, ಮಗು ನೋಡ್ಕಬೇಕು, ನೈಟ್ ಶಿಫ್ಟ್ ತಿಂಗ್ಳಿಗೆ ಒಂದ್ ವಾರ ಮಾತ್ರ ಹಾಕಿ ಸಾರ್ ಅಂತಾನೆ. ಗಂಡುಸ್ರೂ ಶುರು ಹಚ್ಕಂಡ್ರು ಮೇಡಂ!"

ಅವನ ಹೆಸರು ಬೋರ್ಡಿನ ಮೇಲೆ ಬರೆದಿರಾ ಎಂದು ಕೇಳಿದೆ.

"ನನ್ ಡೈರೀಲಿ ಬರ್ಕಂಡಿವ್ನಿ," ಎಂದರು. "ಪೆನ್ಸಿಲ್‌ನಲ್ಲಿ."