ಪ್ರತಿ: ನೀರು ನೆತ್ತಿಗೆ ಹತ್ತೋದು ಅಂದ್ರೆ ಏನು?

ನೆತ್ತಿಗೆ ಹತ್ತಿದ ನೀರು ನಿಜವಾಗಿ ತಲೆಗೆ ಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಅದು ದಾರಿ ತಪ್ಪಿ ಶ್ವಾಸನಾಳದ ಬಾಯಿಗೆ ಬಿದ್ದಿರುತ್ತದೆ ಅಷ್ಟೇ. ಗಂಟಲಲ್ಲಿ ಉಸಿರಿಗೂ ಊಟಕ್ಕೂ ಸ್ವಲ್ಪ ದೂರ ಒಂದೇ ದಾರಿ. ಆಮೇಲೆ ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ.

ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ. ಅದು ಮೇಲೆ ಹೋಗಿ ಕೆಳಗಿಳಿಯುತ್ತದೆ, ಅಲ್ವಾ? ಅಷ್ಟರಲ್ಲಿ ಎಲೆಯಂಥ ಮುಚ್ಚಳವೊಂದು ಶ್ವಾಸನಾಳದ ಬಾಯಿಗೆ ಮಗುಚಿಕೊಳ್ಳುತ್ತದೆ, ಧ್ವನಿತಂತುಗಳೂ ಮುಚ್ಚುತ್ತವೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. ನುಂಗುವಾಗಲೇ ನಕ್ಕರೆ ಈ ಲೆಕ್ಕ ತಪ್ಪುತ್ತದೆ.

ನೆತ್ತಿ ತಟ್ಟಿ ‘ಯಾರೋ ನೆನೆಸಿಕೊಂಡರು’ ಅನ್ನೋದು ಸುಮ್ನೆ ಸಮಾಧಾನಕ್ಕೆ. ಕೆಮ್ಮು ಬರುತ್ತಿದ್ದರೆ ಜೋರಾಗಿ ಕೆಮ್ಮಲು ಬಿಡಿ. ಕೆಮ್ಮಲೂ ಮಾತಾಡಲೂ ಆಗದಿದ್ದರೆ ಮಾತ್ರ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲ್ಭಾಗದ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ, ಜೊತೆಗಿರುವವರಿಗೆ 108ಕ್ಕೆ ಫೋನ್ ಮಾಡಲು ಹೇಳಿ.