ಹುಂಜದ ಕಡ್ಡಿಗಳನ್ನು ತೂಕಕ್ಕೆ ಹಾಕಬೇಡಿ

ಪ್ರಶ್ನೆ: ನಮ್ಮ ಅಜ್ಜ ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದರು. ದೊರೆ ಇಂಗ್ಲೆಂಡಿಗೆ ಹೊರಟಾಗ ಕೊಟ್ಟ ಪುಟ್ಟ ಡಬ್ಬಿ ಈಗ ಅಟ್ಟದಲ್ಲಿ ಸಿಕ್ಕಿದೆ. ಒಳಗೆ ಆರು ಬೆಳ್ಳಿ ಕಡ್ಡಿ, ಒಂದೊಂದರ ತುದಿಯಲ್ಲೂ ಬಣ್ಣದ ಹುಂಜ. ಅಕ್ಕಸಾಲಿಗರು ಬಣ್ಣ ಕೆರೆದು ತೂಕ ಹಾಕೋಣ ಅಂತಾರೆ. ಕೊಡಲೇ? (ಸಿದ್ದಾಪುರ)

ಉತ್ತರ: ಬೇಡವೇ ಬೇಡ! ಕಾಕ್‌ಟೇಲ್ ಲೋಟದಲ್ಲಿ ಆಲಿವ್, ಚೆರ್ರಿ ಚುಚ್ಚಿ ಇಡುವ ಕಡ್ಡಿ ಅದು. ‘ಕಾಕ್’ ಅಂದರೆ ಹುಂಜ ಅಲ್ವಾ, ಅದಕ್ಕೇ ತುದಿಯಲ್ಲಿ ಹುಂಜ ಕೂರಿಸಿದ್ದಾರೆ, ಅಷ್ಟೇ ತಮಾಷೆ. ನೀವು ಬಣ್ಣ ಅಂದುಕೊಂಡಿರುವುದು ಎನಾಮಲ್. ಗಾಜಿನ ಪುಡಿಯನ್ನು ಬೆಳ್ಳಿ ಮೇಲೆ ಹಾಕಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಕೂರಿಸುತ್ತಾರೆ, ನಮ್ಮ ಮೀನಾಕಾರಿ ಇದ್ದಹಾಗೆ. ಅಂಥ ಕಡ್ಡಿಯಲ್ಲಿ ಬೆಳ್ಳಿ ಇರುವುದು ಕೆಲವೇ ಗ್ರಾಂ, ಬೆಲೆ ಇರುವುದೆಲ್ಲ ಆ ಹುಂಜದಲ್ಲಿ. ಅದನ್ನು ಕೆರೆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ತಂತಿ.

ಮೊದಲು ಭೂತಗನ್ನಡಿ ಹಿಡಿದು ಕಡ್ಡಿಯ ಮೈ ನೋಡಿ. ಸಾಸಿವೆಗಿಂತ ಸಣ್ಣ ಮುದ್ರೆಗಳಿರುತ್ತವೆ. ನಡೆಯುವ ಸಿಂಹ ಕಂಡರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ 1000ಕ್ಕೆ 925 ಭಾಗ ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು, ಚಿರತೆ ಮುಖ ಇದ್ದರೆ ಲಂಡನ್. ಒಂಟಿ ಅಕ್ಷರದಿಂದ ವರ್ಷ ಗೊತ್ತಾಗುತ್ತದೆ, ಜೋಡಿ ಅಕ್ಷರಗಳು ಸಾಮಾನ್ಯವಾಗಿ ಮಾಡಿದವರ ಗುರುತು. ಬರೀ ‘ಸ್ಟರ್ಲಿಂಗ್’ ಅಂತಲೂ ಇರಬಹುದು. ‘ಇಪಿಎನ್‌ಎಸ್’ ಅಂತ ಇದ್ದರೆ ಮಾತ್ರ ಬೆಳ್ಳಿ ನೀರು ಕೊಟ್ಟದ್ದು, ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ಹುಂಜದ ಜುಟ್ಟು, ಬಾಲದ ಅಂಚು ನೋಡಿ. ಚಕ್ಕೆ ಎದ್ದಿದ್ದರೆ ಬೆಲೆ ತುಂಬಾ ಇಳಿಯುತ್ತದೆ. ಒಂದು ಕಡೆ ಮಾತ್ರ ಮಂಕಾಗಿ ಪ್ಲಾಸ್ಟಿಕ್ ಥರ ಕಂಡರೆ ಯಾರೋ ರಾಳ ತುಂಬಿ ರಿಪೇರಿ ಮಾಡಿರಬಹುದು. ಕಡ್ಡಿ ಮುರಿದಿದ್ದರೂ ಬೆಸುಗೆಗೆ ಕೊಡಬೇಡಿ, ಆ ಬಿಸಿಗೆ ಉಳಿದ ಎನಾಮಲ್ ಕೂಡ ಬಿರುಕು ಬಿಡುತ್ತದೆ. ಆರೂ ಸರಿಯಾಗಿದ್ದು ಹಳೇ ಡಬ್ಬಿಯೂ ಇದ್ದರೆ ಬಿಡಿಬಿಡಿಯಾಗಿ ಮಾರಲೇಬೇಡಿ. ಸೆಟ್ಟಿಗೇ ಬೆಲೆ ಜಾಸ್ತಿ.

ಪ್ರಶ್ನೆ: ನಾರ್ವೆಯ ಡೇವಿಡ್ ಆಂಡರ್ಸನ್ ಅವರ ಎನಾಮಲ್ ಚಮಚಗಳನ್ನು ಕೂಡಿಸುತ್ತಿದ್ದೇನೆ. ಮಳೆಗಾಲ ಬಂತೆಂದರೆ ಎಲ್ಲ ಕಪ್ಪು. ಹುಣಸೆಹಣ್ಣು ಹಾಕಿ ಉಜ್ಜಬಹುದಾ? (ಮಡಿಕೇರಿ)

ಉತ್ತರ: 1876ರಲ್ಲಿ ಶುರುವಾದ ಕಂಪನಿಯ ಕೆಲಸ, ಅದಕ್ಕೆ ಹುಣಸೆಹಣ್ಣಾ! ಹುಳಿ ಬೇಡ, ಟೂತ್‌ಪೇಸ್ಟ್ ಬೇಡ, ಕುದಿಯುವ ಸೋಡಾ ನೀರಂತೂ ಬೇಡವೇ ಬೇಡ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿ ಒರೆ ಉಜ್ಜಿದ ಹಾಗೆ ಇದನ್ನು ಉಜ್ಜಲಾಗದು. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು ತಕ್ಷಣ ಒರೆಸಿ, ಎನಾಮಲ್ ಇಲ್ಲದ ಜಾಗವನ್ನು ಮಾತ್ರ ಬೆಳ್ಳಿ ಒರೆಸುವ ಬಟ್ಟೆಯಿಂದ ತಿಕ್ಕಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ನಮ್ಮೂರಿನ ತೇವ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಚಮಚಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೀರಾ? ಇವತ್ತೇ ಬಿಚ್ಚಿ, ಅದರಲ್ಲಿ ಗಂಧಕ ಇರುತ್ತದೆ. ಉಣ್ಣೆ ಬಟ್ಟೆಯೂ ಬೇಡ. ಒಂದೊಂದನ್ನೂ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ.

ಪ್ರಶ್ನೆ: ನನ್ನ ಹತ್ತಿರವೂ ಬೆಳ್ಳಿ ಕಡ್ಡಿಗಳಿವೆ. ಮನೆಗೆ ನೆಂಟರು ಬಂದಾಗ ಪಂದಿ (ಹಂದಿ ಮಾಂಸ) ಫ್ರೈ ಚುಚ್ಚಿ ಕೊಡಬಹುದಾ? (ಗೋಣಿಕೊಪ್ಪ)

ಉತ್ತರ: ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಹಾಕಿದ್ದೀರಿ ತಾನೇ? ಹಾಗಾದರೆ ಬೇಡ, ಹುಳಿ ಆಗದು ಅಂದೆನಲ್ಲ. ಅನಾನಸ್ ತುಂಡು ಚುಚ್ಚಿದರೂ ಕೂಡಲೇ ತೊಳೆದಿಡಿ. ಪಂದಿಗೆ ಬಿದಿರು ಕಡ್ಡಿ ಸಾಕು, ನೆಂಟರು ತಪ್ಪು ತಿಳಿಯುವುದಿಲ್ಲ.